ಮಾತಿಲ್ಲದ ಊರಿಗೆ ಒಂದು ಯಾತ್ರೆ

ವಾಚಕ ಮಹಾಶಯರೇ, ಕಾಶೀರಾಮೇಶ್ವರಗಳ ಯಾತ್ರಾವರ್ಣನೆಗಳನ್ನು ತಾವು ಬೇಕಾದಷ್ಟು ಓದಿರುವಿರಿ. ಈ ಬೇಸಗೆಯಲ್ಲಿ ನಾನು ಹೋಗಿಬಂದ ಊರಿಗೆ ರೈಲಿಲ್ಲ. ಅಲ್ಲಿ ಇಳಿದುಕೊಳ್ಳಲು ಛತ್ರವಿಲ್ಲ. ನಡುಮನೆಯಲ್ಲಿ ಕುಳಿತೇ ಅದನ್ನು ಸೇರಬಹುದು. 'ಮಷಿನೇರಿಯಂ' ಎಂಬ ಗಣಕಯಂತ್ರದ ಆಟದೊಳಗಣ ನಗರವದು.

ಈ ಯಾತ್ರೆಗೆ ಕಾರಣನಾದವನು ನನ್ನ ಮೊಮ್ಮಗ. ಹತ್ತು ವರ್ಷದ ಬಾಲಕ. ಪರದೇಶದಲ್ಲಿ ಹುಟ್ಟಿ ಬೆಳೆದವನಾದುದರಿಂದ ಕನ್ನಡವು ಅವನ ಕಿವಿಗೆ ಅಲ್ಪಸ್ವಲ್ಪ ಪರಿಚಿತವೇ ಹೊರತು ನಾಲಗೆಗಲ್ಲ. ಅವನ ಇಂಗ್ಲಿಷು ನನಗೆ ತಿಳಿಯದು. ಮೂವತ್ತು ವರ್ಷ ಊರಿನ ಮಕ್ಕಳಿಗೆ ಪಾಠ ಹೇಳಿದ ನಾನು, ಸ್ವಂತ ಮೊಮ್ಮಗನೊಡನೆ 'ಊಟವಾಯಿತೆ' ಎಂಬುದರಾಚೆಗೆ ಹೋಗಲಾರದೆ ಒಂದು ವಾರ ಸಂಕಟಪಟ್ಟೆನು. ಒಂದು ಸಂಜೆ ಅವನೇ ನನ್ನ ಕೈಹಿಡಿದು ಪರದೆಯ ಮುಂದೆ ಕುಳ್ಳಿರಿಸಿದನು.

ನಗರದ ಹೊರಗಣ ಕಸದ ರಾಶಿಯಲ್ಲಿ ಕಥೆ ಮೊದಲಾಗುವುದು. ಕೈಕಾಲು ಚದುರಿ ಬಿದ್ದ ಜೋಸೆಫನೆಂಬ ಪುಟ್ಟ ಯಂತ್ರಮಾನವನು ತನ್ನ ಅಂಗಗಳನ್ನು ತಾನೇ ಕೂಡಿಸಿಕೊಂಡು ಊರಿನ ಕಡೆಗೆ ಹೊರಡುವನು. ತುಕ್ಕು ಹಿಡಿದ ಗೋಪುರಗಳು, ಓರೆಯಾದ ಕೊಳವೆಗಳು, ಮಬ್ಬು ಬೆಳಕಿನ ಓಣಿಗಳು, ಎಲ್ಲವೂ ಕೈಯಿಂದ ಬರೆದ ಚಿತ್ರಗಳು. ಆರಂಭದ ಕೆಲವು ಸೂಚನೆಗಳನ್ನುಳಿದರೆ ಈ ಕಥೆಯಲ್ಲಿ ಮಾತೆಂಬುದೇ ಇಲ್ಲ. ಅಲ್ಲಿನವರ ಮನದ ಮಾತು ತಲೆಯ ಮೇಲೊಂದು ಗುಳ್ಳೆಯಲ್ಲಿ ಚಲಿಸುವ ಚಿತ್ರವಾಗಿ ಕಾಣುವುದು.

ಇದನ್ನು ರಚಿಸಿದವರು ಚೆಕ್ ದೇಶದ ಯಾಕುಬ್ ದ್ವೋರ್ಸ್ಕಿ ಮತ್ತು ಅವರ ಸಂಗಡಿಗರು, ಪ್ರಕಟವಾದುದು 2009ರಲ್ಲಿ. 'ರೋಬೋ' ಎಂಬ ಪದವೂ ಆ ದೇಶದ್ದೇ. ಕಾರೆಲ್ ಚಾಪೆಕ್ ಎಂಬ ನಾಟಕಕಾರರು 1920ರ ತಮ್ಮ ನಾಟಕದಲ್ಲಿ ಅದನ್ನು ಬಳಸಿದರು. ಸೂಚಿಸಿದವರು ಅವರ ಅಣ್ಣ ಯೋಸೆಫ್. ನಮ್ಮ ಯಂತ್ರಬಾಲಕನಿಗೆ ಅವರದೇ ಹೆಸರು. ಬಿಟ್ಟಿದುಡಿಮೆ ಎಂಬರ್ಥದ 'ರೋಬೊತ' ಶಬ್ದವನ್ನೂ ನಮ್ಮ ಸಂಸ್ಕೃತದ 'ಅರ್ಭ' ಶಬ್ದವನ್ನೂ ಭಾಷಾಶಾಸ್ತ್ರಜ್ಞರು ಒಂದೇ ಮೂಲಕ್ಕೆ ಸೇರಿಸುವರು. ಅರ್ಭಕನೆಂದರೆ ಮಗು! ಆ ಪುಟ್ಟ ಮುಖವನ್ನು ಕಂಡಾಗ ನನಗೆ ಈ ಸಂಬಂಧವು ಎಷ್ಟೂ ವಿಚಿತ್ರವೆನಿಸಲಿಲ್ಲ.

ಆಟದ ನಿಯಮವು ಸರಳವಾದುದು. ಬೇಕಾದ ವಸ್ತುವನ್ನು ಮೌಸಿನಿಂದ ಒತ್ತಬೇಕು. ಆದರೆ ಅದು ಜೋಸೆಫನ ಕೈಗೆ ಎಟುಕುವಂತಿರಬೇಕು. ಅವನು ದೇಹವನ್ನು ಉದ್ದಮಾಡಿಕೊಳ್ಳಬಲ್ಲನು, ಕುಗ್ಗಿಸಿಕೊಳ್ಳಬಲ್ಲನು. ದಾರಿ ಕಾಣದವರಿಗೆ ಬೀಗ ಹಾಕಿದ ಪುಸ್ತಕವೊಂದುಂಟು. ಮತ್ತೊಂದು ಚಿಕ್ಕ ಆಟವನ್ನು ಗೆದ್ದಲ್ಲದೆ ಅದು ತೆರೆಯದು. ಶ್ರಮಿಸದವನಿಗೆ ಉತ್ತರ ಹೇಳಬಾರದೆಂಬ ಈ ಮೇಷ್ಟರ ಪದ್ಧತಿಯನ್ನು ನಾನು ಮನಸಾರೆ ಮೆಚ್ಚಿದೆನು.

ನಗರದ ಬಾಗಿಲಲ್ಲಿ ನಾವು ಸಿಕ್ಕಿಬಿದ್ದೆವು. ಕಾವಲುಗಾರನು ಸೇತುವೆಯನ್ನು ಒಡ್ಡಲೊಲ್ಲನು. ಹುಡುಗನು ಅವಸರದಿಂದ ಎಲ್ಲೆಡೆಯೂ ಒತ್ತಿ ಬೇಸತ್ತನು. ನಾನು ಸುಮ್ಮನೆ ನೋಡುತ್ತಿದ್ದೆನು. ಕಾವಲಿನವರ ತಲೆಯ ಮೇಲೆ ನೀಲಿಯ ಶಂಕುವಿನಾಕಾರದ ಟೋಪಿ, ಅದರ ತುದಿಯಲ್ಲೊಂದು ದೀಪ. ನಾನು ಎರಡು ಕೈಗಳನ್ನೂ ತಲೆಯ ಮೇಲೆ ಜೋಡಿಸಿ ತೋರಿಸಿದೆನು. ಹುಡುಗನ ಕಣ್ಣರಳಿತು. ರಸ್ತೆಯ ಶಂಕುವೊಂದನ್ನು ನೀಲಿ ಬಣ್ಣದಲ್ಲದ್ದಿ, ದೀಪವನ್ನು ಸಿಕ್ಕಿಸಿ ಜೋಸೆಫನಿಗೆ ತೊಡಿಸಿದನು. ವೇಷವು ಫಲಿಸಿತು, ಸೇತುವೆ ಬಂದಿತು. 'ಟೋಪಿ' ಎಂದೆನು. 'ಟೋಪಿ' ಎಂದು ಅವನೂ ನಗುತ್ತ ನುಡಿದನು.

ಆಮೇಲಿನ ಸಂಜೆಗಳಲ್ಲಿ ಬೀದಿಯ ಮೂವರು ವಾದ್ಯಗಾರರ ಕೆಟ್ಟ ವಾದ್ಯಗಳನ್ನು ಸರಿಪಡಿಸಿ ಅವರ ಸಂಗೀತವನ್ನು ಕೇಳಿದೆವು. ಊರನ್ನು ಕಾಡುತ್ತಿದ್ದ ದುಷ್ಟರಿಂದ ಜೋಸೆಫನ ಗೆಳತಿಯನ್ನು ಬಿಡಿಸಿದೆವು. ಏಣಿ, ಬೀಗ, ಕೊಳವೆ, ಬೆಕ್ಕು, ಒಂದೊಂದೇ ಪದವು ಹುಡುಗನ ಬಾಯಿಗೆ ಬಂದಿತು. ನನ್ನ ಬಾಯಿಗೂ ಅವನ ಕೆಲವು ಪದಗಳು ಬಂದುವು.

ರಜೆ ಮುಗಿದು ಅವನು ಹೊರಟ ದಿನ, ವಿಮಾನನಿಲ್ದಾಣದಲ್ಲಿ ಪೊಲೀಸಿನವರನ್ನು ಕಂಡು ನನ್ನ ಅಂಗಿಯನ್ನು ಜಗ್ಗಿ, "ತಾತಾ, ಟೋಪಿ ನೋಡು!" ಎಂದನು. ಜೀವಮಾನವೆಲ್ಲ ಮಾತನ್ನೇ ನಂಬಿ ಪಾಠ ಹೇಳಿದ ನನಗೆ, ಮಾತಿಗೆ ಮೊದಲು ಇಬ್ಬರೂ ಕುಳಿತು ಒಂದನ್ನೇ ನೋಡಬೇಕೆಂಬುದನ್ನು ಆ ಮೂಕನಗರವು ಕಲಿಸಿತು.