ಹಾಸಿಗೆಯ ಪಾಲುದಾರರು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ನಾಯಿ ಸಾಕಿರಲಿಲ್ಲವೆಂದು ತೋರುತ್ತದೆ. ಸಾಕಿದ್ದರೆ, ‘ನಾಯಿ ಬಿಟ್ಟಷ್ಟು ಕಾಲು ಚಾಚು’ ಎಂದು ತಿದ್ದಿರುತ್ತಿದ್ದರು. ಹಾಸಿಗೆ ಎಷ್ಟೇ ಅಗಲವಾಗಿರಲಿ, ಅದರ ನಡುಭಾಗ ನಾಯಿಗೆ, ಅಂಚು ಮನುಷ್ಯನಿಗೆ. ಇದು ಅನುಭವಸ್ಥರೆಲ್ಲರೂ ಬಲ್ಲ ವಿಚಾರ. ನಾನು ಅಂಥ ಅನುಭವಸ್ಥರಲ್ಲಿ ಒಬ್ಬ. ಇಪ್ಪತ್ತು ವರ್ಷಗಳ ನನ್ನ ಆಯುಷ್ಯದಲ್ಲಿ ಅರ್ಧದಷ್ಟು ರಾತ್ರಿಗಳನ್ನು ನಾಯಿಗಳ ಜೊತೆಯಲ್ಲಿ ಕಳೆದಿದ್ದೇನೆ. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳಲು ನನಗೆ ಅಧಿಕಾರವಿದೆಯೆಂದು ಭಾವಿಸಿದ್ದೇನೆ. ಬಿ.ಎ. ಪದವಿ ಬಂದರೆ ಅದು ಎರಡನೆಯ ಅರ್ಹತೆ.

ನಮ್ಮದು ಚಳ್ಳಕೆರೆಯ ಕಡೆಯ ಕುರಿ ಕಾಯುವ ಮನೆತನ. ನಮ್ಮಲ್ಲಿ ಹಾಸಿಗೆಯೆಂದರೆ ಕಂಬಳಿ. ಹಾಸುವುದೂ ಅದೇ, ಹೊದೆಯುವುದೂ ಅದೇ. ಸುಗ್ಗಿ ಮುಗಿದ ಮೇಲೆ ರೈತರ ಹೊಲದಲ್ಲಿ ಮಂದೆ ಹಾಕುವುದು ವಾಡಿಕೆ. ಕುರಿಗಳು ರಾತ್ರಿ ಹೊಲದಲ್ಲಿ ಮಲಗಿ ಗೊಬ್ಬರ ಕೊಡುತ್ತವೆ. ಹೊಲದವನು ಕಾಳನ್ನೋ ಹಣವನ್ನೋ ಕೊಡುತ್ತಾನೆ. ಮಂದೆಯ ಸುತ್ತ ಬಲೆ, ಬಲೆಯ ಪಕ್ಕದಲ್ಲಿ ಅಪ್ಪ, ಅಪ್ಪನ ಪಕ್ಕದಲ್ಲಿ ಕೆಂಚಿ. ಕೆಂಚಿ ನಮ್ಮ ಹೆಣ್ಣುನಾಯಿ. ಅದರ ಮಗ ಕರಿಯ ಅಪ್ಪನ ಕಾಲ ಬುಡದಲ್ಲಿ. ರಜೆಯಲ್ಲಿ ನಾನು ಹೋದರೆ ಆ ನಾಯಿಗಳ ನಡುವೆ ಸಿಕ್ಕಷ್ಟು ಜಾಗ ನನ್ನದು.

ಮಾಗಿಯ ಚಳಿಯಲ್ಲಿ ಬಯಲಿನ ನಡುವೆ ಮಲಗಿ ನೋಡಿದವರಿಗೆ ಈ ಏರ್ಪಾಟಿನ ಅರ್ಥ ತಿಳಿಯುತ್ತದೆ. ನಾಯಿಯ ಮೈಶಾಖ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಆ ಶಾಖ ನಮಗೆ ಬಂದರೆ ಜ್ವರವೆಂದು ತರಗತಿಗೆ ರಜೆ ಹಾಕುತ್ತೇವೆ. ನಾಯಿಗೆ ಅದು ಆರೋಗ್ಯ. ಬೆನ್ನಿಗೆ ಅಂಟಿ ಮಲಗಿದ ಕೆಂಚಿ ಅಕ್ಕಿ ಬೆಂದ ಮಡಕೆಯ ಹಾಗೆ ಬೆಚ್ಚಗಿರುತ್ತದೆ. ಮಲಗುವ ಮೊದಲು ಇದ್ದಲ್ಲೇ ಮೂರು ಸುತ್ತು ತಿರುಗುತ್ತದೆ, ಹೊಸಮನೆಗೆ ಬಂದ ಮುತ್ತೈದೆ ಮೂಲೆಮೂಲೆ ನೋಡುವಂತೆ. ಆಮೇಲೆ ದೊಡ್ಡದೊಂದು ನಿಟ್ಟುಸಿರು. ಸಂಸಾರದ ಭಾರವೆಲ್ಲ ತನ್ನದೇ ಎಂಬಂತಿರುವ ಆ ನಿಟ್ಟುಸಿರನ್ನು ಕೇಳಿದರೆ, ನಾಳೆಯ ಪರೀಕ್ಷೆಯ ಚಿಂತೆ ನಮಗೆ ಸಣ್ಣದಾಗಿ ಕಾಣುತ್ತದೆ.

ವಿದ್ಯಾರ್ಥಿಗಿರಬೇಕಾದ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯೂ ಒಂದೆಂದು ಸಂಸ್ಕೃತದ ಸುಭಾಷಿತಕಾರ ಹೇಳಿದ್ದಾನೆ. ನಮ್ಮ ಹಾಸ್ಟೆಲಿನ ಮಿತ್ರರು ಇದನ್ನು ಕೇಳಿ ಬಲ್ಲರೇ ಹೊರತು ಕಂಡವರಲ್ಲ; ಅವರದು ಕುಂಭಕರ್ಣ ಸಂಪ್ರದಾಯ. ನಾನು ಮಾತ್ರ ಗುರುವಿನ ಮಗ್ಗುಲಲ್ಲೇ ಮಲಗಿ ಕಲಿತವನು. ನಾಯಿ ನಿದ್ರೆ ಮಾಡುವುದು ಕಂತುಕಂತಾಗಿ. ಕಣ್ಣು ಮುಚ್ಚಿರುತ್ತದೆ, ಕಿವಿ ತೆರೆದಿರುತ್ತದೆ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು ಹಿಡಿದರೆ, ನಾಯಿಯ ಕಿವಿ 40,000ವನ್ನೂ ದಾಟಿ ಹಿಡಿಯುತ್ತದೆ. ನಮಗೆ ನಿಶ್ಶಬ್ದವಾದ ರಾತ್ರಿ ನಾಯಿಗೆ ಸಂತೆಯ ಬೀದಿ.

ಆದರೆ ಈ ಸಹಶಯನಕ್ಕೆ ಎಲ್ಲರ ಒಪ್ಪಿಗೆಯಿಲ್ಲ. ಮೊದಲ ವಿರೋಧ ಪಕ್ಷ ನಮ್ಮ ಅವ್ವ. ಮಂದೆಯಲ್ಲಿ ಏನಾದರೂ ಮಾಡಿಕೊಳ್ಳಿ, ಮನೆಯ ಹೊಸ್ತಿಲು ದಾಟಿ ನಾಯಿ ಬರಕೂಡದು ಎಂಬುದು ಅವಳ ಕಾನೂನು. “ಆ ನಾಯೀನ ಆಚೆಗೆ ಹಾಕಲೇ, ಉಣ್ಣೆ ಹತ್ತತಾವೆ” ಎಂದು ಕೂಗುತ್ತಾಳೆ. ಕನ್ನಡದ ಚಮತ್ಕಾರ ನೋಡಿ: ಕುರಿಯ ಮೈಮೇಲಿರುವುದೂ ಉಣ್ಣೆ, ನಾಯಿಯ ಮೈಮೇಲಿರುವುದೂ ಉಣ್ಣೆ. ಒಂದು ಕಂಬಳಿಯಾಗುತ್ತದೆ, ಇನ್ನೊಂದು ಕಂಬಳಿಯೊಳಗೆ ಸೇರಿ ನಮ್ಮ ರಕ್ತ ಹೀರುತ್ತದೆ. ಎರಡು ಉಣ್ಣೆಗಳನ್ನೂ ಬಲ್ಲ ಅವ್ವನ ಮಾತನ್ನು ತಳ್ಳಿಹಾಕುವಂತಿಲ್ಲ.

ಎರಡನೆಯ ವಿರೋಧ ಶಾಸ್ತ್ರದ್ದು. ನಾಯಿ ಮುಟ್ಟಿದರೆ ಮೈಲಿಗೆ ಎನ್ನುವವರು ಇಂದಿಗೂ ಇದ್ದಾರೆ. ಅವರೇ ಕಾಲಭೈರವನಿಗೆ ಕೈ ಮುಗಿಯುವಾಗ ಅವನ ವಾಹನಕ್ಕೂ ಮುಗಿಯುತ್ತಾರೆ; ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿಗೂ ಕುಂಕುಮ ಹಚ್ಚುತ್ತಾರೆ. ನಮ್ಮ ಕುಲದವರು ನಡೆದುಕೊಳ್ಳುವ ಮೈಲಾರಲಿಂಗನ ಗೊರವರಂತೂ ದೋಣಿಯೆಂಬ ಪಾತ್ರೆಯ ಸುತ್ತ ನಾಯಿಗಳಂತೆ ಬೊಗಳುತ್ತ ಪ್ರಸಾದ ತಿಂದು, ತಾವು ದೇವರ ನಾಯಿಗಳೆಂದು ಹೆಮ್ಮೆಪಡುತ್ತಾರೆ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಕಥೆ ಎಲ್ಲರಿಗೂ ತಿಳಿದದ್ದೇ. ನಾಯಿಗೆ ಸ್ವರ್ಗದ ಬಾಗಿಲು ತೆರೆದೀತು, ನಮ್ಮ ಮನೆಯ ಬಾಗಿಲು ತೆರೆಯುವುದು ಕಷ್ಟ!

ಮೂರನೆಯದು ಪಟ್ಟಣದ ನಡಾವಳಿ. ಎರಡನೆಯ ವರ್ಷದಲ್ಲಿ ಹಾಸ್ಟೆಲಿನಲ್ಲಿ ಸ್ಥಳ ಸಿಗದೆ ಬಾಡಿಗೆಗೆ ಒಂದು ಕೋಣೆ ಹುಡುಕಿಕೊಂಡು ಒಂದು ಮನೆಗೆ ಹೋಗಿದ್ದೆ. ಯಜಮಾನರು ನನ್ನ ಊರು ಕೇಳಿದರು, ತಂದೆಯ ಕೆಲಸ ಕೇಳಿದರು, ಆಮೇಲೆ ಮೆಲ್ಲಗೆ, “ಮಾಂಸ ತಿನ್ನುವವರಿಗೆ ನಾವು ಕೊಡುವುದಿಲ್ಲಪ್ಪ” ಎಂದರು. ಅವರ ಹಿಂದೆ ಸೋಫಾದ ಮೇಲೆ ಕರುವಿನಷ್ಟು ದೊಡ್ಡ ನಾಯಿಯೊಂದು ಪವಡಿಸಿತ್ತು. ಅಷ್ಟರಲ್ಲಿ ಅಂಗಡಿಯ ಹುಡುಗ ಮೊಟ್ಟೆಯ ಟ್ರೇ ತಂದಿಟ್ಟ. ನನ್ನ ದೃಷ್ಟಿ ಹೋದುದನ್ನು ಕಂಡು ಯಜಮಾನರು, “ಇದು ನಾಯಿಗೆ” ಎಂದರು. ಆ ನಾಯಿ ರಾತ್ರಿ ಅವರ ಮಗನ ಮಂಚದ ಮೇಲೆಯೇ ಮಲಗುತ್ತದೆಂದೂ ಹೇಳಿದರು. ನಾಯಿಯ ಮೇಲೆ ನನಗೆ ಅಸೂಯೆಯಿಲ್ಲ. ಅದು ನನ್ನ ಕುಲವನ್ನು ಕೇಳಲಿಲ್ಲ. ಕೈ ಮೂಸಿತು, ಕುರಿಯ ವಾಸನೆ ಹಿಡಿಯಿತು, ಬಾಲ ಅಲ್ಲಾಡಿಸಿತು. ನಾಯಿಗೆ ಮಂಚ ಕೊಡುವಷ್ಟು ದೊಡ್ಡ ಮನಸ್ಸು ಮನುಷ್ಯನಿಗೆ ಕೋಣೆ ಕೊಡುವಾಗ ಯಾಕೆ ಕುಗ್ಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಜೊತೆಯಲ್ಲಿ ಹೊತ್ತು ಬಂದೆ. ಅದಕ್ಕೆ ಉತ್ತರ ನಮ್ಮ ಪಠ್ಯಪುಸ್ತಕಗಳಲ್ಲಿ ಈವರೆಗೆ ಸಿಕ್ಕಿಲ್ಲ.

ನಾಯಿ ಮತ್ತು ಮನುಷ್ಯರ ಈ ಸ್ನೇಹ ನಿನ್ನೆಯದಲ್ಲ. 1914ರಲ್ಲಿ ಜರ್ಮನಿಯ ಓಬರ್‌ಕಾಸೆಲ್ ಎಂಬಲ್ಲಿ ದೊರೆತ, ಸುಮಾರು 14,000 ವರ್ಷಗಳ ಹಿಂದಿನ ಗೋರಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಮರಿ ಇದ್ದವು. ಮರಿಯ ಹಲ್ಲುಗಳನ್ನು ಪರೀಕ್ಷಿಸಿದವರು, ಅದಕ್ಕೆ ಕಠಿಣ ರೋಗ ಬಂದಿತ್ತೆಂದೂ ಯಾರೋ ಆರೈಕೆ ಮಾಡದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲವೆಂದೂ ಹೇಳುತ್ತಾರೆ. ಇಸ್ರೇಲಿನ ಐನ್ ಮಲ್ಲಾಹದಲ್ಲಿ ಸುಮಾರು 12,000 ವರ್ಷಗಳ ಹಿಂದೆ ಹೂಳಲಾದ ಒಬ್ಬ ವ್ಯಕ್ತಿಯ ಕೈ ಮರಿಯೊಂದರ ಮೇಲೆ ಇದೆ. ಚಿರನಿದ್ರೆಗೂ ನಾಯಿಯನ್ನು ಮಗ್ಗುಲಲ್ಲಿ ಮಲಗಿಸಿಕೊಂಡವರು ಇವರು.

ಅಷ್ಟು ದೂರ ಹೋಗುವುದೇಕೆ? ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಇದೆ. ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಹೋರಾಡಿದ ಮಣಲೇರನೆಂಬ ವೀರನಿಗೆ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಟು ಮಾಡಿದರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸದ ತರಗತಿಯಲ್ಲಿ ಇದನ್ನು ಕೇಳಿದ ದಿನ ನಾನು ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬುದ್ಧಿವಂತ. ಊರು ಕೇಳಿದ್ರೆ ಊರೇ ಕೊಡ್ತಿದ್ರು, ನಾಯಿ ಕೇಳಿದ” ಎಂದ.

ಇನ್ನು ಅವ್ವನ ಉಣ್ಣೆಯ ವಾದಕ್ಕೆ ಬರೋಣ. ನಾಯಿಯ ಸಹವಾಸದಿಂದ ಅಪಾಯವೇ ಇಲ್ಲವೆಂದರೆ ಅದು ಅಪಚಾರವಾದೀತು. ತಾಲ್ಲೂಕಿನ ಪಶುವೈದ್ಯರು ಒಮ್ಮೆ ನನಗೆ ತಿಳಿಯಹೇಳಿದ ಸಂಗತಿಯಿದು. ಕುರಿಯ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ಕೆಲವೊಮ್ಮೆ ನೀರುಗುಳ್ಳೆಗಳಿರುತ್ತವೆ. ಅಂಥದನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಸಣ್ಣ ಲಾಡಿಹುಳುಗಳು ಬೆಳೆಯುತ್ತವೆ. ಅವುಗಳ ಮೊಟ್ಟೆ ಮಲದೊಡನೆ ಹೊರಬಂದು ನಾಯಿಯ ರೋಮಕ್ಕೂ ಹುಲ್ಲಿಗೂ ಅಂಟುತ್ತದೆ. ಹುಲ್ಲು ತಿಂದ ಕುರಿಗೆ ಮತ್ತೆ ಗುಳ್ಳೆ. ನಾಯಿಯನ್ನು ಸವರಿ ಕೈ ತೊಳೆಯದೆ ಉಂಡ ಮನುಷ್ಯನಿಗೂ ಅದೇ ಗುಳ್ಳೆ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಅಪ್ಪನಿಗೆ ಆ ನೀರುಗುಳ್ಳೆ ಚೆನ್ನಾಗಿ ಗೊತ್ತಿತ್ತು. ಅದರ ದಾರಿ ಗೊತ್ತಿರಲಿಲ್ಲ. ಹಬ್ಬದಲ್ಲಿ ಕುರಿ ಕೊಯ್ದಾಗ ಗುಳ್ಳೆಯೆದ್ದ ಪಿತ್ತಜನಕಾಂಗವನ್ನು ನಾಯಿಗೆ ಎಸೆಯುವುದು ನಮ್ಮ ಹಟ್ಟಿಯ ರೂಢಿ. ನಾನು ಈ ದಾರಿಯನ್ನು ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ತೋರಿಸಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಅದನ್ನು ಆಳವಾಗಿ ಹೂಳುತ್ತಾರೆ. ನಾಯಿಗಳಿಗೆ ವೈದ್ಯರು ಹೇಳಿದಂತೆ ಜಂತುಹುಳುವಿನ ಮಾತ್ರೆ ಕೊಡುತ್ತೇವೆ. ನಾನು ಓದಿದ್ದರಿಂದ ಮನೆಗೆ ಈವರೆಗೆ ಆದ ಲಾಭ ಇಷ್ಟೆ. ಆದರೆ ಇದು ಸಣ್ಣದೆಂದು ನನಗೆ ತೋರುವುದಿಲ್ಲ.

ಹುಚ್ಚುನಾಯಿಯ ರೋಗ ಇದಕ್ಕಿಂತ ಭಯಂಕರ. ಲಕ್ಷಣ ಕಾಣಿಸಿದ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. 1885ರಲ್ಲಿ ಲೂಯಿ ಪಾಶ್ಚರ್ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಉಳಿಸಿದ. ಅಷ್ಟು ಹಿಂದೆ ಸಿಕ್ಕಿದ ಉಪಾಯವಿದ್ದರೂ ನಮ್ಮ ಹಳ್ಳಿಗಳಲ್ಲಿ ಇನ್ನೂ ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚುವವರಿದ್ದಾರೆ. ಮಾಡಬೇಕಾದದ್ದು ಬಹಳ ಸರಳ: ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗುವುದು. ನಾಯಿಗೆ ವರ್ಷಕ್ಕೊಮ್ಮೆ ಚುಚ್ಚುಮದ್ದು ಹಾಕಿಸಿದರೆ ಮೂಲದಲ್ಲೇ ಭಯ ತಪ್ಪುತ್ತದೆ. ಹಾಸಿಗೆಯಲ್ಲಿ ಪಾಲು ಕೊಡುವ ಮುನ್ನ ಇಷ್ಟನ್ನು ಮಾಡುವುದು ನಮ್ಮ ಧರ್ಮ.

ನಿದ್ರೆಯ ವಿಷಯದಲ್ಲಿಯೂ ಪಂಡಿತರು ವಿಚಾರ ಮಾಡಿದ್ದಾರೆ. 2017ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು 40 ಮಂದಿ ನಾಯಿಸಾಕಿದವರ ನಿದ್ರೆಯನ್ನು ಅಳೆದು ಪ್ರಕಟಿಸಿದರು. ನಾಯಿ ಕೋಣೆಯಲ್ಲಿ ಇದ್ದರೆ ನಿದ್ರೆಗೆ ಅಷ್ಟೇನೂ ಭಂಗವಿಲ್ಲ. ಹಾಸಿಗೆಯ ಮೇಲೇ ಬಂದರೆ ಸ್ವಲ್ಪ ಕೆಡುತ್ತದೆ ಎಂಬುದು ಅವರ ತೀರ್ಮಾನ. ಸತ್ಯವೇ. ಆದರೆ ನಿದ್ರೆ ಕೆಡುವುದು ಎಲ್ಲರಿಗೂ ನಷ್ಟವಲ್ಲ.

ನಮ್ಮ ಅಪ್ಪನಿಗೆ ಕೆಲವು ವರ್ಷಗಳಿಂದ ಕಿವಿ ಮಂದವಾಗಿದೆ. ಕಿವಿಗೆ ಯಂತ್ರವೊಂದನ್ನು ಕೊಡಿಸಿದ್ದೇವೆ. ಹಗಲು ಹಾಕಿಕೊಳ್ಳುತ್ತಾನೆ, ರಾತ್ರಿ ಬಿಚ್ಚಿ ಎಲೆಯಡಿಕೆಯ ಡಬ್ಬಿಯಲ್ಲಿ ಇಡುತ್ತಾನೆ. ಆಮೇಲೆ ಬೆಳಗಿನವರೆಗೆ ಅವನಿಗೆ ಕಿವಿಯೆಂದರೆ ನಾಯಿಗಳೇ. ಅವು ದೂರದಲ್ಲಿ ನಿಂತು ಬೊಗಳಿದರೆ ಪ್ರಯೋಜನವಿಲ್ಲ, ಅವನಿಗೆ ಕೇಳಿಸದು. ಮೈಗೆ ಮೈ ತಾಗಿ ಮಲಗಿದ್ದರೆ ಮಾತ್ರ, ನಾಯಿ ತಲೆಯೆತ್ತಿದ್ದು, ಮೈ ಬಿಗಿದದ್ದು, ಗುರುಗುಟ್ಟಿದ್ದು ಪಕ್ಕೆಲುಬಿನ ಮೂಲಕ ಅವನಿಗೆ ತಿಳಿಯುತ್ತದೆ. ಹೋದ ಮಾಗಿಯಲ್ಲಿ ಒಂದು ರಾತ್ರಿ ತೋಳಗಳು ಮಂದೆಗೆ ಬಂದಾಗ ಅವನನ್ನು ಎಬ್ಬಿಸಿದ್ದು ಹೀಗೆಯೇ. ಅವನು ಕೂಗುತ್ತ ಕೋಲು ಹಿಡಿದು ಎದ್ದ; ಕರಿಯ ಬಲೆ ಹಾರಿತು; ತೋಳಗಳು ಬಂದ ದಾರಿ ಹಿಡಿದವು. ಒಂದು ಮರಿಯೂ ಹೋಗಲಿಲ್ಲ. ಆ ಮರಿಗಳಲ್ಲಿ ಎರಡನ್ನು ಮಾರಿ ನನ್ನ ಅಂತಿಮ ವರ್ಷದ ಶುಲ್ಕ ಕಟ್ಟಿದರು. ಹಾಸಿಗೆಯಲ್ಲಿ ನಾಯಿಯಿದ್ದರೆ ಎಚ್ಚರವಾಗುತ್ತದೆ ಎಂಬುದು ಪಂಡಿತರ ಆಕ್ಷೇಪಣೆ. ಎಚ್ಚರವಾಗಲೆಂದೇ ನಾಯಿ ಎಂಬುದು ಅಪ್ಪನ ಸಿದ್ಧಾಂತ.

ಕೆಂಚಿಗೆ ಈಗ ಹನ್ನೊಂದು ವರ್ಷ. ಅದರ ಕಿವಿಯೂ ಮೊದಲಿನಂತಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಕಾವಲೆಲ್ಲ ಕರಿಯನದೇ. ಕೆಂಚಿಯನ್ನು ಮನೆಯ ಹತ್ತಿರ ಬಿಟ್ಟು, ಮಂದೆಗೆ ಹೊಸ ಮರಿಯೊಂದನ್ನು ತರೋಣವೆಂದು ನಾನು ಸಲಹೆ ಮಾಡಿದೆ. ಅಪ್ಪ ಕಂಬಳಿ ಕೊಡವಿ ಹಾಸುತ್ತಿದ್ದ. “ನನ್ನ ಕಿವಿ ಹೋದಾಗ ಅದೇನು ನನ್ನ ಬಿಟ್ಟು ಹೋಯ್ತೇನಲೇ?” ಎಂದು ಕೇಳಿ, ಅದಕ್ಕೆ ಜಾಗ ಬಿಟ್ಟು ಮಲಗಿದ. ಕೆಂಚಿ ಮೂರು ಸುತ್ತು ತಿರುಗಿ ನಡುವಿನಲ್ಲಿ ಒರಗಿತು.

ಹೊಸ ಮರಿಯೂ ಬಂದಿದೆಯೆಂದು ಮೊನ್ನೆ ಫೋನಿನಲ್ಲಿ ಅವ್ವ ಹೇಳಿದಳು. ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಅದಕ್ಕೆ ಮೊದಲು ಚುಚ್ಚುಮದ್ದು ಹಾಕಿಸಬೇಕು. ಆಮೇಲೆ ಚಳ್ಳಕೆರೆಯ ಸಂತೆಯಲ್ಲಿ ಇನ್ನೂ ಒಂದು ಕಂಬಳಿ ಕೊಳ್ಳಬೇಕು. ಇರುವ ಎರಡರಲ್ಲಿ ನಾವು ಐವರು ಹಿಡಿಸಲಾರೆವು.