ಒಣ ಸ್ನೇಹ

ಸಂಸ್ಕೃತದಲ್ಲಿ ಸ್ನೇಹವೆಂದರೆ ಒಲವೂ ಹೌದು, ಎಣ್ಣೆಯೂ ಹೌದು. ಧಾರವಾಡದಲ್ಲಿ ಇದನ್ನೇ ಪಾಠ ಹೇಳುತ್ತ ಮುದುಕರಾದ ನಾವು, ಬಚ್ಚಲೊಲೆಯ ಕಬ್ಬಿಣದ ಕದವು ಕಿರುಗುಟ್ಟಲು, ಅದರ ಬಿಜಾಗರಿಗೆ ಔಡಲೆಣ್ಣೆಯನ್ನು ಧಾರಾಳವಾಗಿ ಸುರಿದೆವು. ಎಂಟು ದಿನಗಳಲ್ಲಿ ಎಣ್ಣೆಯು ಬೆಂದು ಅಂಟಾಗಿ ಕದವು ಬಿಗಿದುಕೊಂಡಿತು. ಅದನ್ನೆಳೆಯಹೋಗಿ ನಮ್ಮ ಮನೆಯವರು ಅಂಗೈ ಸುಟ್ಟುಕೊಂಡರು. “ನಿಮ್ಮ ಸ್ನೇಹ ಸಾಕ್ರೀ!” ಎಂದರು.

ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಿಂದ ನಿವೃತ್ತರಾದ ನೆರೆಯವರೊಬ್ಬರು ಬಿಜಾಗರಿಯನ್ನು ಕೆರೆದು, ಗ್ರಾಫೈಟಿನ ಪುಡಿಯನ್ನು ತಿಕ್ಕಿದರು. ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಅದೇ. ಅದರ ಪದರುಗಳು ಒಂದರ ಮೇಲೊಂದು ಜಾರುವುದರಿಂದ ಕಬ್ಬಿಣವು ಕಬ್ಬಿಣವನ್ನು ತೇಯದು. ಗಾಳಿಯಲ್ಲಿ ಕಾವು ಸುಮಾರು 500 ಡಿಗ್ರಿ ಸೆಂಟಿಗ್ರೇಡ್ ಮೀರಿದರೆ ಅದೂ ಉರಿದು ಸವೆಯುವುದು. ಅಂಥ ಕುಲುಮೆಗಳಿಗೆ ಬೋರಾನ್ ನೈಟ್ರೈಡೆಂಬ ಬಿಳಿಯ ಪುಡಿಯುಂಟು. ನಮ್ಮ ಬಚ್ಚಲಿಗೆ ಅದು ಬೇಡ.

ಕದವೀಗ ಸದ್ದಿಲ್ಲದೆ ತೆರೆಯುತ್ತದೆ. ಅಂಗೈಯ ಕಲೆ ಮಾಸಿಲ್ಲ. ಒಲೆ ಹಚ್ಚುವ ಕೆಲಸವನ್ನು ನಾವೇ ವಹಿಸಿಕೊಂಡಿರುವೆವು.