ಬೆತ್ತಕ್ಕಿಂತ ಮೊದಲು ಹೆಜ್ಜೆ

ಫಿಲಿಪೀನ್ಸಿನಲ್ಲಿ ಮೇಷ್ಟ್ರನ್ನು ‘ಗುರೊ’ ಎನ್ನುತ್ತಾರೆ. ನಮ್ಮ ಗುರುವೇ ಸಮುದ್ರ ದಾಟಿ ಅಲ್ಲಿ ಗುರೊ ಆಗಿರುವುದು. ಮುಖಕ್ಕೆ ಅವರ ಟಗಾಲೊಗ್ ಭಾಷೆಯಲ್ಲಿ ‘ಮುಕ್ಹಾ’, ಆಸೆಗೆ ‘ಆಸಾ’. ನೂರಾರು ವರ್ಷಗಳ ಹಿಂದೆಯೇ ಸಂಸ್ಕೃತದ ಇಂಥ ಒಂದಷ್ಟು ಪದಗಳು ಆ ದ್ವೀಪಗಳನ್ನು ಮುಟ್ಟಿವೆ. ಗಂಡನ ಕೆಲಸದ ಕಾರಣಕ್ಕೆ ಮನಿಲಾಕ್ಕೆ ಬಂದ ಹೊಸದರಲ್ಲಿ ಇಂಥ ಪದ ಕಿವಿಗೆ ಬಿದ್ದಾಗಲೆಲ್ಲ ಊರಿನವರು ಯಾರೋ ಸಿಕ್ಕಷ್ಟು ಖುಷಿಯಾಗುತ್ತಿತ್ತು. ಆದರೆ ನನಗೇ ಒಬ್ಬ ಗುರೊ ಸಿಗುತ್ತಾರೆ, ಅದೂ ದೊಣ್ಣೆವರಸೆ ಕಲಿಸುವವರು ಎಂದು ನಾನು ಎಣಿಸಿರಲಿಲ್ಲ.

ಅದಕ್ಕೆ ಕಾರಣ ಮಗಳು. ಹನ್ನೊಂದು ವರ್ಷದ ಅವಳ ಶಾಲೆಯಲ್ಲಿ ಆಟದ ಪೀರಿಯಡ್‌ನಲ್ಲಿ ‘ಅರ್ನಿಸ್’ ಕಲಿಸುತ್ತಾರೆ. ಫಿಲಿಪೀನ್ಸಿನ ಕೋಲು ಕಾಳಗದ ಹೆಸರು ಅದು. ಎಸ್ಕ್ರಿಮಾ, ಕಾಲಿ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಅರ್ನಿಸ್, ಎಸ್ಕ್ರಿಮಾ ಎರಡೂ ಸ್ಪ್ಯಾನಿಷ್ ಮೂಲದ ಪದಗಳು. ಸ್ಪೇನ್ ಆ ದ್ವೀಪಗಳನ್ನು ಮುನ್ನೂರಕ್ಕೂ ಹೆಚ್ಚು ವರ್ಷ ಆಳಿದ್ದರ ಗುರುತು ಅಲ್ಲಿನ ಕೋಲಿನ ಮೇಲೂ ಉಳಿದಿದೆ. 2009ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ ಅರ್ನಿಸ್ ಅನ್ನು ರಾಷ್ಟ್ರೀಯ ಸಮರಕಲೆ ಮತ್ತು ಕ್ರೀಡೆ ಎಂದು ಸಾರಿತು. ಶಾಲೆಯ ಪಾಠಕ್ಕೆ ಸೇರಿಸಬೇಕೆಂದೂ ಹೇಳಿತು. ಶಾಲೆಯಲ್ಲಿ ರುಚಿ ಹತ್ತಿದ ಮಗಳಿಗೆ ಭಾನುವಾರವೂ ಕಲಿಯುವ ಆಸೆ. ರಿಸಾಲ್ ಪಾರ್ಕಿನಲ್ಲಿ ಬೆಳಗ್ಗೆ ಹೊತ್ತು ಗುಂಪು ಗುಂಪಾಗಿ ಅರ್ನಿಸ್ ಅಭ್ಯಾಸ ಮಾಡುತ್ತಾರೆ. ಅಂಥ ಒಂದು ಗುಂಪಿಗೆ ಅವಳನ್ನು ಕರೆದೊಯ್ಯುವುದು ನನ್ನ ಪಾಲಿಗೆ ಬಂತು.

ನಾನು ಹೋಗುತ್ತಿದ್ದುದು ಮರದ ನೆರಳಲ್ಲಿ ಕೂತು ‘ತಾಹೊ’ ತಿನ್ನುವುದಕ್ಕೆ. ಮೆತ್ತನೆಯ ಸೋಯಾ ಗಿಣ್ಣಿನ ಮೇಲೆ ಬೆಲ್ಲದ ಪಾಕದಂಥದ್ದು, ಸಬ್ಬಕ್ಕಿ ಹಾಕಿಕೊಡುವ ತಿಂಡಿ. ಮಾರುವವರು ಎರಡು ಡಬ್ಬಗಳನ್ನು ಹೆಗಲ ಅಡ್ಡೆಗೆ ತೂಗುಹಾಕಿಕೊಂಡು “ತಾಹೋ...” ಎಂದು ರಾಗ ಎಳೆಯುತ್ತ ಬರುತ್ತಾರೆ. ಮೂರನೇ ಭಾನುವಾರ ಗುರೊ ನನ್ನ ಹತ್ತಿರ ಬಂದು, “ಸುಮ್ಮನೆ ಯಾಕೆ ಕೂರುತ್ತೀರಿ? ನೀವೂ ಬನ್ನಿ” ಎಂದರು. ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ನಾನು ನನ್ನ ಬಲಗಾಲು ತೋರಿಸಿದೆ.

ಮನಿಲಾಕ್ಕೆ ಬರುವ ಎರಡು ವರ್ಷ ಮುಂಚೆ, ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ನನ್ನ ಬಲ ಕಣಕಾಲಿನ ಕೀಲು ಮುರಿದಿತ್ತು. ಮೂಳೆ ಕೂಡಿಕೊಂಡಿತು. ವೈದ್ಯರು, “ಇನ್ನು ಏನೂ ತೊಂದರೆಯಿಲ್ಲ, ಧೈರ್ಯವಾಗಿ ಓಡಾಡಿ” ಎಂದು ಕಳಿಸಿದ್ದರು. ಓಡಾಡಿದೆ, ಆದರೆ ಧೈರ್ಯ ಬರಲಿಲ್ಲ. ಎಲ್ಲಿ ಹೋದರೂ ಕಣ್ಣು ನೆಲದ ಮೇಲೆ. ಜೀಪ್ನಿಯ ಹಿಂದಿನ ಮೆಟ್ಟಿಲಿಂದ ಇಳಿಯುವಾಗ, ಒದ್ದೆ ಫುಟ್‌ಪಾತ್ ಮೇಲೆ ನಡೆಯುವಾಗ ಮಗಳ ಭುಜ ಹಿಡಿದುಕೊಳ್ಳುತ್ತಿದ್ದೆ. ಅವಳು ಒಂದು ದಿನವೂ ಬೇಸರಿಸಲಿಲ್ಲ. ಗೆಳತಿಯರ ಜೊತೆ ಮುಂದೆ ಓಡಬೇಕಾದ ಹುಡುಗಿ ನನ್ನ ಪಕ್ಕ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದಳು. ಕಾಲಿನ ನೋವಿಗಿಂತ ಅದು ನನ್ನನ್ನು ಹೆಚ್ಚು ಚುಚ್ಚುತ್ತಿತ್ತು.

“ಕಾಲಿನದೇ ತೊಂದರೆಯಾದರೆ ಒಳ್ಳೆಯದೇ ಆಯಿತು. ಇಲ್ಲಿ ಪಾಠ ಶುರುವಾಗುವುದೇ ಕಾಲಿನಿಂದ” ಎಂದರು ಗುರೊ.

ಆ ಮಾತು ನಿಜವೇ. ಅರ್ನಿಸ್‌ನ ಕೋಲು ಬೆತ್ತದ್ದು. ಸುಮಾರು 28 ಇಂಚು, ಅಂದರೆ 71 ಸೆಂಟಿಮೀಟರ್ ಉದ್ದ. ಬೆತ್ತವೆಂದರೆ ನಮ್ಮ ತಲೆಮಾರಿನವರಿಗೆ ಶಾಲೆಯ ಅಂಗೈ ನೆನಪಾಗುತ್ತದೆ. ಇಲ್ಲಿ ಬೆತ್ತವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಅದು ಹಗುರ. ಏಟು ತಿಂದು ತಿಂದು ಹಳತಾದಾಗ ಮರದಂತೆ ಚೂಪಾಗಿ ಸೀಳುವುದಿಲ್ಲ, ನಾರು ನಾರಾಗಿ ಬಿಡುತ್ತದೆ. ಎರಡೂ ಕೈಯಲ್ಲಿ ಕೋಲು ಹಿಡಿದು ಜೋಡಿಯಾಗಿ ತಾಳಕ್ಕೆ ತಟ್ಟುವ ‘ಸಿನವಾಲಿ’ ಎಂಬ ಅಭ್ಯಾಸವನ್ನು ಮೊದಲ ಸಲ ನೋಡಿದರೆ ನಮ್ಮ ಕೋಲಾಟವೇ ಎನಿಸುತ್ತದೆ. ಬಿದಿರಿನ ತಟ್ಟಿ ಹೆಣೆಯುವುದಕ್ಕೆ ಸಂಬಂಧಿಸಿದ ಹೆಸರು ಅದು. ಕೋಲುಗಳು ಗಾಳಿಯಲ್ಲಿ ಹಾಗೆಯೇ ಹೆಣೆದುಕೊಳ್ಳುತ್ತವೆ. ನೋಡುವವರ ಕಣ್ಣೆಲ್ಲ ಕೋಲಿನ ಮೇಲೆ, ಗುರೊ ಕಣ್ಣು ಮಾತ್ರ ಕಾಲಿನ ಮೇಲೆ.

ಹಾಗಾಗಿ ನಾಲ್ಕು ವಾರ ನನ್ನ ಕೈಗೆ ಬೆತ್ತ ಬರಲಿಲ್ಲ. ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ತ್ರಿಕೋನ ಬರೆದರು. ಅದರ ಒಂದು ಮೂಲೆಯಲ್ಲಿ ಎರಡೂ ಪಾದ ಜೋಡಿಸಿ ನಿಲ್ಲಬೇಕು. ಅಲ್ಲಿಂದ ಎರಡು ಗೆರೆ ಮುಂದಕ್ಕೆ, ಒಂದು ಬಲಕ್ಕೆ ಓರೆಯಾಗಿ, ಇನ್ನೊಂದು ಎಡಕ್ಕೆ ಓರೆಯಾಗಿ ಹೋಗುತ್ತವೆ. ಬಲಗಾಲು ಬಲಗೆರೆಯ ತುದಿಗೆ, ಮತ್ತೆ ಮೂಲೆಗೆ. ಎಡಗಾಲು ಎಡಗೆರೆಯ ತುದಿಗೆ, ಮತ್ತೆ ಮೂಲೆಗೆ. “ಇಸಾ, ದಲವಾ, ತತ್ಲೊ” ಎಂದು ಅವರು ಎಣಿಸುತ್ತಿದ್ದರೆ ನಾವು ಹೆಜ್ಜೆ ಹಾಕುತ್ತಿದ್ದೆವು. ಇದೇ ತ್ರಿಕೋನವನ್ನು ತಿರುವಿ ಹಾಕಿದರೆ ಹಿಂದಕ್ಕೆ ಓರೆಯಾಗಿ ಸರಿಯುವ ಹೆಜ್ಜೆ. ಇವೆರಡು ತ್ರಿಕೋನಗಳೇ ಮೂಲಪಾಠ.

ಮಗಳಿಗೆ ಎರಡನೇ ವಾರಕ್ಕೇ ಬೇಜಾರು. “ಇದೇನು ಗುರೊ, ಬರೀ ನಡೆಯೋದೇ ಆಯ್ತಲ್ಲ, ಹೊಡೆಯೋದು ಯಾವಾಗ?” ಎಂದು ಕೇಳಿಯೇಬಿಟ್ಟಳು. ಗುರೊ ಸಿಟ್ಟಾಗಲಿಲ್ಲ. ಸ್ಪಂಜು ಸುತ್ತಿದ ಕೋಲೊಂದನ್ನು ತೆಗೆದುಕೊಂಡು, “ನಾನು ನಿನ್ನ ತಲೆ ಮುಟ್ಟುತ್ತೇನೆ. ಬೇಕಾದ ಹಾಗೆ ತಪ್ಪಿಸಿಕೊ” ಎಂದರು.

ಕೋಲು ಮೇಲೆ ಎದ್ದ ಕೂಡಲೇ ಅವಳು ಹಿಂದಕ್ಕೆ ಹಾರಿದಳು. ಗುರೊ ಒಂದು ಹೆಜ್ಜೆ ಮುಂದಿಟ್ಟರು. ಕೋಲು ತಲೆಗೆ ತಾಗಿತು. ಅವಳು ಎರಡು ಹೆಜ್ಜೆ ಹಿಂದೆ ಓಡಿದಳು, ಅವರು ಎರಡು ಹೆಜ್ಜೆ ಮುಂದೆ ಬಂದರು. ಮತ್ತೆ ತಾಗಿತು. ಮೂರನೆಯ ಸಲವೂ ಅಷ್ಟೇ. ಮುಂದಕ್ಕೆ ಓಡುವವನ ವೇಗ ಹಿಂದಕ್ಕೆ ಓಡುವವನಿಗೆ ಎಲ್ಲಿ ಬರಬೇಕು? ಅವನಿಗೆ ದಾರಿ ಕಾಣುತ್ತದೆ, ಇವನಿಗೆ ಬೆನ್ನ ಹಿಂದೆ ಏನಿದೆಯೆಂದೇ ಕಾಣುವುದಿಲ್ಲ.

“ಈಗ ನಿನ್ನ ತ್ರಿಕೋನ ಹಾಕು” ಎಂದರು. ಕೋಲು ನೇರ ಕೆಳಗಿಳಿಯಿತು. ಮಗಳು ಬಲಕ್ಕೆ ಓರೆಯಾಗಿ ಮುಂದೆ ಒಂದು ಹೆಜ್ಜೆ ಇಟ್ಟಳು. ಕೋಲು ಅವಳ ಎಡಭುಜದ ಪಕ್ಕದಲ್ಲಿ ಬರಿಗಾಳಿಯನ್ನು ಹೊಡೆದು ಇಳಿಯಿತು. ನೋಡಿದರೆ ಅವಳು ಗುರೊ ಎದುರಿಗೆ ಇಲ್ಲವೇ ಇಲ್ಲ, ಅವರ ಪಕ್ಕದಲ್ಲಿ ನಿಂತಿದ್ದಾಳೆ! ಅವರು ಇನ್ನೊಮ್ಮೆ ಹೊಡೆಯಬೇಕಾದರೆ ಪೂರ್ತಿ ತಿರುಗಬೇಕು. ಅವಳ ಕೈ ಮಾತ್ರ ಆಗಲೇ ಅವರ ಮೊಣಕೈ ಮುಟ್ಟುವಷ್ಟು ಹತ್ತಿರ. ಮಗಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಆಮೇಲೆ ಅವಳು ‘ಬರೀ ನಡೆಯೋದು’ ಎಂಬ ಮಾತು ಎತ್ತಲಿಲ್ಲ.

ಏಟು ಒಂದು ಗೆರೆಯ ಮೇಲೆ ಬರುತ್ತದೆ, ಆ ಗೆರೆ ಬಿಟ್ಟು ನಿಲ್ಲು ಎಂಬುದೇ ಇಲ್ಲಿನ ಸೂತ್ರ. ಹಿಂದೆ ಓಡಿದರೂ ಅದೇ ಗೆರೆ, ಎದೆಯೊಡ್ಡಿ ನುಗ್ಗಿದರೂ ಅದೇ ಗೆರೆ. ಓರೆ ಹೆಜ್ಜೆಯೊಂದೇ ಆಚೆಗಿನದು. ಆ ರಾತ್ರಿ ತೀರ್ಥಹಳ್ಳಿಗೆ ಫೋನ್ ಮಾಡಿ ಅಮ್ಮನಿಗೆ ಇದನ್ನು ದೊಡ್ಡ ರಹಸ್ಯವೆಂಬಂತೆ ವಿವರಿಸಿದೆ. “ಅಷ್ಟೆಯಾ ಮಾರಾಯ್ತಿ? ಹಾಯೋ ದನ ಬಂದ್ರೆ ಹಿಂದೆ ಓಡ್ಬೇಡ, ಪಕ್ಕಕ್ಕೆ ಸರಿ ಅಂತ ಸಣ್ಣವಳಿದ್ದಾಗ್ಲೇ ಹೇಳಿರ್ಲಿಲ್ವಾ ನಿಂಗೆ?” ಎಂದಳು ಅಮ್ಮ. ಆಮೇಲೆ ದನಿ ತಗ್ಗಿಸಿ, “ಅದಿರ್ಲಿ, ಮುರಿದ ಕಾಲಿಗೆ ಇದೆಲ್ಲ ಬೇಕಾ?” ಎಂದು ಕೇಳಿದಳು.

ಅಮ್ಮನ ಆ ಪ್ರಶ್ನೆಯೇ ನನ್ನದೂ ಆಗಿತ್ತು. ಎಡಗಾಲಿನ ಹೆಜ್ಜೆ ಸಲೀಸು. ಬಲಗಾಲು ಗೆರೆಯ ತುದಿಗೆ ಹೋದರೂ ನಾನು ಮೈಭಾರವನ್ನು ಅದರ ಮೇಲೆ ಬಿಡುತ್ತಿರಲಿಲ್ಲ. ಕಾಲು ಅಲ್ಲಿ, ಮೈ ಇಲ್ಲಿ. ಗುರೊ ಇದನ್ನು ಮೊದಲ ದಿನವೇ ಗಮನಿಸಿದ್ದರು. ‘ಹೆದರಬೇಡಿ’ ಎಂಬ ಮಾತನ್ನು ಅವರು ಆಡಲಿಲ್ಲ. ಕೆಳಗೆ ಕೂತು ನನ್ನ ತ್ರಿಕೋನವನ್ನು ಅಂಗೈಯಿಂದ ಅಳಿಸಿ ಅದರೊಳಗೆ ಚಿಕ್ಕದೊಂದನ್ನು ಬರೆದರು. ಗೆರೆಯ ಉದ್ದ ಒಂದು ಗೇಣು. “ಇಷ್ಟು ದೂರ ಪೂರ್ತಿ ಭಾರ ಬಿಡಬಲ್ಲಿರಾ?” ಎಂದು ಕೇಳಿದರು. ಒಂದು ಗೇಣು ತಾನೇ, ಬಿಟ್ಟೆ. ಮರುವಾರ ಆ ಗೆರೆಗೆ ನಾಲ್ಕು ಬೆರಳು ಸೇರಿಸಿದರು. ಅದರ ಮರುವಾರ ಮತ್ತೆ ನಾಲ್ಕು ಬೆರಳು.

ಮೈ ಹೇಗಿರಬೇಕೆಂದೂ ತಿದ್ದಿದರು. ಮಂಡಿ ತುಸು ಬಾಗಿರಬೇಕು. ಆಗ ಮೈ ಕೆಳಗಿಳಿದು ನಿಲುವು ಗಟ್ಟಿಯಾಗುತ್ತದೆ. ಬಾಗಿದ ಮಂಡಿ ಕಾಲ್ಬೆರಳು ತೋರುವ ದಿಕ್ಕಿಗೇ ಇರಬೇಕು, ಒಳಕ್ಕೆ ವಾಲಬಾರದು. ಭಾರ ಪಾದದ ಮುಂಭಾಗದಲ್ಲಿ, ಹಿಮ್ಮಡಿ ಹಗುರ. ಒಂದು ಕಾಲು ಇನ್ನೊಂದನ್ನು ಅಡ್ಡ ಹಾಯಬಾರದು, ಹಾಗೆ ಹಾಯ್ದ ಗಳಿಗೆಯಲ್ಲಿ ಒಂದು ಮಗು ತಳ್ಳಿದರೂ ಬೀಳುತ್ತೇವೆ. ಎಲ್ಲಕ್ಕಿಂತ ಕಷ್ಟವಾದದ್ದು, ಪಾದ ನೋಡಬಾರದು ಎಂಬ ನಿಯಮ. ಕಣ್ಣು ಎದುರಿನವರ ಎದೆಯ ಮೇಲ್ಭಾಗದಲ್ಲಿರಬೇಕು. ಅಲ್ಲಿ ನೋಡಿದರೆ ಅವರ ಭುಜ, ಕೈ, ಸೊಂಟ ಎಲ್ಲದರ ಚಲನೆಯೂ ಕಾಣುತ್ತದೆ.

“ನೋಡದಿದ್ದರೆ ಕಾಲು ಎಲ್ಲಿದೆಯೆಂದು ಗೊತ್ತಾಗುವುದು ಹೇಗೆ?” ಎಂದೆ.

“ನೆಲ ನೋಡಿದರೆ ತಲೆ ಮುಂದೆ ಬಾಗುತ್ತದೆ. ತಲೆ ಭಾರದ್ದು, ಅದು ಹೋದ ಕಡೆ ಮೈಯೂ ಹೋಗುತ್ತದೆ. ಕಾಲಿಗೇ ಕೇಳಿ, ಅದು ಹೇಳುತ್ತದೆ” ಎಂದರು. ಆರನೇ ವಾರ ಸೀಮೆಸುಣ್ಣ ತರುವುದನ್ನೇ ನಿಲ್ಲಿಸಿದರು. ನೆಲದ ಮೇಲೆ ಗೆರೆಯಿಲ್ಲ, ಆದರೂ ಹೆಜ್ಜೆ ಹೋಗಬೇಕಾದಲ್ಲಿಗೆ ಹೋಯಿತು. ಎರಡು ವರ್ಷದಿಂದ ನಾನು ನೆಲವನ್ನು ನೋಡುತ್ತಿದ್ದುದು ಬೀಳದಿರಲಿ ಎಂದು. ಆ ನೋಟವೇ ನನ್ನನ್ನು ಮುಂದಕ್ಕೆ ವಾಲಿಸುತ್ತಿತ್ತು ಎಂಬುದು ಅಂದು ಮೈಗೆ ಗೊತ್ತಾಯಿತು.

ಹಾಗೆಂದು ಅರ್ನಿಸ್ ನೃತ್ಯವಲ್ಲ. ಹಳೆಯ ಕ್ರಮದಲ್ಲಿ ಎದುರಾಳಿಯ ಕೋಲಿಗಲ್ಲ, ಕೋಲು ಹಿಡಿದ ಕೈಗೇ ಹೊಡೆಯುತ್ತಿದ್ದರು. ಅದನ್ನು ಹಾವಿನ ಹಲ್ಲು ಕೀಳುವುದು ಎಂದೇ ಕರೆಯುತ್ತಾರೆ. ಹಲ್ಲು ಕಿತ್ತ ಹಾವಿನ ಮಾತು ನಮಗೇನು ಹೊಸದಲ್ಲ. ಆದರೆ ಕಲಿಯುವವರ ಬೆರಳು ಜಜ್ಜಿಹೋಗಿ ಎಷ್ಟೋ ಜನ ಅರ್ಧಕ್ಕೇ ಬಿಟ್ಟುಬಿಡುತ್ತಿದ್ದರು. ನೆಗ್ರೋಸ್ ದ್ವೀಪದಲ್ಲಿ 1936ರಲ್ಲಿ ಹುಟ್ಟಿದ ರೆಮಿ ಪ್ರೆಸಾಸ್ ಎಂಬ ಗುರು ಇದನ್ನು ಬದಲಿಸಿದರು. ಅಭ್ಯಾಸದಲ್ಲಿ ಕೋಲಿಗೆ ಕೋಲು ತಾಗಿಸುವ ಪದ್ಧತಿ ತಂದು, ‘ಮಾಡರ್ನ್ ಅರ್ನಿಸ್’ ಎಂಬ ಹೆಸರಿನಲ್ಲಿ ಕಲಿಸಿದರು. ಇಂದು ನನ್ನ ಮಗಳಂಥ ಮಕ್ಕಳು ಬೆರಳು ಉಳಿಸಿಕೊಂಡು ಕಲಿಯುತ್ತಿರುವುದರಲ್ಲಿ ಅವರ ಪಾಲು ದೊಡ್ಡದು.

ಓದುವ ಮಕ್ಕಳೂ ಅಪ್ಪ ಅಮ್ಮಂದಿರೂ ಈ ತ್ರಿಕೋನವನ್ನು ಮನೆಯಲ್ಲೇ ಹಾಕಿ ನೋಡಬಹುದು. ಕೋಲು ಬೇಡ. ಒಣಗಿದ, ಜಾರದ ನೆಲವಿರಲಿ. ಸೀಮೆಸುಣ್ಣದಲ್ಲಿ ನಿಮ್ಮ ಒಂದು ಹೆಜ್ಜೆಯಷ್ಟು ಉದ್ದದ ಎರಡು ಓರೆಗೆರೆ ಎಳೆದು, ಅವು ಕೂಡುವಲ್ಲಿ ನಿಲ್ಲಿ. ಬಲ, ನಡು, ಎಡ, ನಡು ಎಂದು ಎಣಿಸುತ್ತ ಹತ್ತು ಸಲ ಮಾಡಿ. ಆಮೇಲೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಹತ್ತು ಸಲ. ಮಂಡಿ, ಕೀಲಿನ ನೋವಿದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಿ. ಗೆರೆಯನ್ನು ಒಂದು ಗೇಣಿಗಿಂತ ಉದ್ದ ಎಳೆಯಬೇಡಿ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಸುರುಳಿ ಸುತ್ತಿದ ಪೇಪರಿನಿಂದ ನಿಧಾನವಾಗಿ ಹೊಡೆಯಲಿ, ಇನ್ನೊಬ್ಬರು ಓರೆ ಹೆಜ್ಜೆಯಲ್ಲಿ ತಪ್ಪಿಸಿಕೊಳ್ಳಲಿ. ನಗು ಬರುವುದು ಖಂಡಿತ.

ನಾನು ಕಲಿಯಲು ಶುರುಮಾಡಿ ಈಗ ಹದಿನಾಲ್ಕು ತಿಂಗಳು. ಇದುವರೆಗೆ ಯಾರೂ ನನ್ನ ಮೇಲೆ ಕೋಲೆತ್ತಿ ಬಂದಿಲ್ಲ, ಬರುವುದೂ ಬೇಡ. ಬಂದದ್ದೆಲ್ಲ ಮಳೆ, ಒದ್ದೆ ಮೆಟ್ಟಿಲು, ಬೆಳಗಿನ ಗಡಿಬಿಡಿಯ ಜೀಪ್ನಿ. ಕಳೆದ ತಿಂಗಳು ಪಾರ್ಕಿನಿಂದ ಬರುವಾಗ ಜೀಪ್ನಿಯಿಂದ ಇಳಿದ ಮೇಲೆ ಮಗಳು ತಿರುಗಿ ನನ್ನನ್ನೇ ನೋಡುತ್ತ ನಿಂತಳು. “ಅಮ್ಮ, ನೀನು ನನ್ನ ಭುಜ ಹಿಡ್ಕೊಳ್ಳೋದು ಬಿಟ್ಟು ಎಷ್ಟು ದಿನ ಆಯ್ತು?” ಎಂದು ಕೇಳಿದಳು.

ನಾನು ಲೆಕ್ಕ ಇಟ್ಟಿರಲಿಲ್ಲ. ಅವಳು ಉತ್ತರಕ್ಕೆ ಕಾಯಲೂ ಇಲ್ಲ. ಕೈಯಲ್ಲಿದ್ದ ಬೆತ್ತವನ್ನು ತಿರುಗಿಸುತ್ತ ಮುಂದೆ ಓಡಿಹೋದಳು.